ಕೊಂಬಿನ ಮೇಲಿನ ಕೊಡೆ

ಪಡೀಲಿನ ನಮ್ಮ ಮನೆಯಿಂದ ಪಿಲಿಕುಳಕ್ಕೆ ಹೋಗುವುದೆಂದರೆ ಮೊಮ್ಮಗನಿಗೆ ಹಬ್ಬ. ಹೋದ ರಜೆಯಲ್ಲಿ ಒಂದು ಭಾನುವಾರ ಅವನನ್ನು ಕರೆದುಕೊಂಡು ಹೋಗುವ ಕೆಲಸ ನನ್ನ ಪಾಲಿಗೆ ಬಂತು. ತುಳುವಿನಲ್ಲಿ ಪಿಲಿ ಎಂದರೆ ಹುಲಿ, ಪಿಲಿಕುಳ ಎಂದರೆ ಹುಲಿಯ ಕೊಳ. ಈಗ ಅಲ್ಲಿ ಹುಲಿಯನ್ನು ನೋಡಲು ಟಿಕೇಟು ತೆಗೆಯಬೇಕು. ಹುಲಿ ನಿದ್ದೆಯಲ್ಲಿತ್ತು. ಮೊಮ್ಮಗ ಜಿಂಕೆಗಳ ಬೇಲಿಯ ಎದುರು ನಿಂತವನು ಅಲ್ಲಿಂದ ಕದಲಲಿಲ್ಲ. ಎಣಿಸುವುದು, ತಪ್ಪುವುದು, ಮತ್ತೆ ಎಣಿಸುವುದು.

"ಅಜ್ಜಿ, ನೀವು ಸಣ್ಣದಿರುವಾಗ ನಿಮ್ಮ ಮನೆ ಹತ್ತಿರ ಇವೆಲ್ಲ ಇತ್ತಾ?"

"ಇತ್ತು ಮಗಾ. ಕಡವೆ ಇತ್ತು, ಕಾಡುಕುರಿ ಇತ್ತು, ಬರಿಂಕ ಇತ್ತು."

"ನೀವು ನೋಡಿದ್ದೀರಾ?"

"ನೋಡಿದ್ದೇನೆ."

"ಎಲ್ಲಿ?"

"ಕಾಡಿನಲ್ಲಿ" ಎಂದುಬಿಟ್ಟೆ.

ಅದು ಸುಳ್ಳು. ಜೀವಂತ ಕಡವೆಯನ್ನು ನಾನು ಕಾಡಿನಲ್ಲಿ ಒಮ್ಮೆಯೂ ಕಂಡವಳಲ್ಲ. ಕಾಲು ಕಟ್ಟಿ, ಬಿದಿರಿನ ಗಳುವಿಗೆ ತೂಗುಹಾಕಿ, ಇಬ್ಬರು ಹೆಗಲ ಮೇಲೆ ಹೊತ್ತು ಅಂಗಳಕ್ಕೆ ತಂದದ್ದನ್ನು ಕಂಡಿದ್ದೇನೆ. ಆಮೇಲೆ ಬಟ್ಟಲಿನಲ್ಲಿ ಕಂಡಿದ್ದೇನೆ. ಈ ವಿಷಯದಲ್ಲಿ ನಾನು ಹೇಳಿದ ಎರಡನೆಯ ಸುಳ್ಳು ಇದು. ಮೊದಲನೆಯದನ್ನು ಹೇಳುವಾಗ ನನಗೆ ಹನ್ನೊಂದು ವರ್ಷ.

ನನ್ನ ತವರು ಸುಳ್ಯದ ಕಡೆ. ಮನೆಯ ಮುಂದೆ ಅಡಿಕೆ ತೋಟ, ಹಿಂದೆ ಗುಡ್ಡ, ಗುಡ್ಡ ದಾಟಿದರೆ ಕಾಡು. ಚಾವಡಿಯ ಗೋಡೆಯಲ್ಲಿ ಮೂರು ಕವಲಿನ ಒಂದು ಜೋಡಿ ಕಡವೆ ಕೊಂಬು ಇತ್ತು. ಅದು ಅಜ್ಜ ಹೊಡೆದ ಕಡವೆಯದ್ದಂತೆ. ಬೇರೆ ಮನೆಗಳಲ್ಲಿ ಅಂಥ ಕೊಂಬಿಗೆ ಮೆರುಗೆಣ್ಣೆ ಬಳಿದು ಶೋಭೆಗೆ ಇಡುತ್ತಿದ್ದರು. ನಮ್ಮಲ್ಲಿ ಒಂದು ಕೊಂಬಿಗೆ ಅಪ್ಪನ ಅಂಗಿ, ಇನ್ನೊಂದಕ್ಕೆ ಕೊಡೆ. ಅದರ ಕೆಳಗೆ ಮೂಲೆಯಲ್ಲಿ ಕೋವಿ. ತಿಂಗಳ ಆ ಮೂರು ದಿನ ಹೆಂಗಸರು ಆ ಮೂಲೆಯ ಹತ್ತಿರ ಸುಳಿಯಬಾರದು, ಸುಳಿದರೆ ಈಡು ತಪ್ಪುತ್ತದೆ ಎಂದು ನಂಬಿಕೆ.

ಬೇಟೆಗೆ ತುಳುವಿನಲ್ಲಿ ಬೋಂಟೆ ಎನ್ನುತ್ತಾರೆ. ವರ್ಷದ ದೊಡ್ಡ ಬೋಂಟೆ ಕೆಡ್ಡಸದ್ದು. ಪುಯಿಂತೆಲ್ ತಿಂಗಳ ಕೊನೆಗೆ, ಅಂದರೆ ಫೆಬ್ರವರಿ ಎರಡನೆಯ ವಾರದ ಹೊತ್ತಿಗೆ ಬರುವ ಈ ಮೂರು ದಿನ ಭೂಮಿತಾಯಿ ಮುಟ್ಟಾಗುತ್ತಾಳೆ ಎಂದು ಲೆಕ್ಕ. ನೆಲ ಅಗೆಯುವಂತಿಲ್ಲ, ಉಳುವಂತಿಲ್ಲ, ಹಸಿಯದ್ದನ್ನು ಕಡಿಯುವಂತಿಲ್ಲ, ಒಣಗಿದ ಕಡ್ಡಿಯನ್ನು ಮುರಿಯುವಂತಿಲ್ಲ. ಕೊನೆಗೆ ಅವಳ ಮೀಯುವಿಕೆಗೆಂದು ಮನೆಯ ಹೆಂಗಸರು ಅಂಗಳ ಸಾರಿಸಿ ಎಣ್ಣೆ, ಸೀಗೆ, ಅರಸಿನ, ಕುಂಕುಮ, ಬಾಚಣಿಗೆ ಇಡುತ್ತಾರೆ. ಹುರಿದ ಕುಚ್ಚಲಕ್ಕಿಯ ಹುಡಿಗೆ ಬೆಲ್ಲ, ತೆಂಗಿನಕಾಯಿ ಬೆರೆಸಿದ ನನ್ಯರಿ, ನುಗ್ಗೆ ಬದನೆಯ ಪದಾರ್ಥ. ಇಷ್ಟು ಅಂದವಾದ ಹಬ್ಬ ಇನ್ನೊಂದಿಲ್ಲ ಎಂದು ಈಗಲೂ ನನಗೆ ಅನಿಸುವುದುಂಟು. ಆದರೆ ಭೂಮಿಗೆ ಎಣ್ಣೆ, ಬಾಚಣಿಗೆ ಕೊಟ್ಟವರು ನಮಗೆ ಕೊಟ್ಟದ್ದು ಹಿಂಬದಿ ಜಗಲಿಯ ಒಂದು ಮೂಲೆ ಮಾತ್ರ. ಭೂಮಿಗೆ ಬಿಡುವು ಕೊಟ್ಟ ಆ ದಿನಗಳಲ್ಲೇ ಗಂಡಸರು ಕಾಡಿಗೆ ಹೋಗುತ್ತಿದ್ದರು. ಹೊಲದ ಕೆಲಸವಿಲ್ಲದ ಕೈಗಳಿಗೆ ಬೋಂಟೆ. ರಾತ್ರಿ ಹನ್ನೆರಡಕ್ಕೆ ಮಸಾಲೆ ಅರೆಯುವ ಕೈಗಳಿಗೆ ಮಾತ್ರ ಯಾವ ಕೆಡ್ಡಸವೂ ಇರಲಿಲ್ಲ.

ಬೋಂಟೆಯಲ್ಲಿ ಎರಡು ತರದ ಜನ. ಕೋವಿ ಇದ್ದವರು ಪ್ರಾಣಿ ಹಾಯುವ ಕಡೆಗಳಲ್ಲಿ ಮರಕ್ಕೆ ಒರಗಿ ಸದ್ದಿಲ್ಲದೆ ಕಾಯುವುದು. ಕೋವಿ ಇಲ್ಲದವರು, ಅಂದರೆ ಒಕ್ಕಲಿನವರು ಮತ್ತು ಮನೆಗೆಲಸದವರು, ನಾಯಿಗಳ ಜೊತೆ ಇನ್ನೊಂದು ಕಡೆಯಿಂದ ಬೊಬ್ಬೆ ಹಾಕುತ್ತ, ಡಬ್ಬ ಬಡಿಯುತ್ತ ಮುಳ್ಳಿನ ಪೊದೆಗಳಿಗೆ ನುಗ್ಗುವುದು. ಗಾಯಗೊಂಡ ಹಂದಿ ತಿರುಗಿ ಬಿದ್ದರೆ ಮೊದಲು ಸಿಗುವುದು ಇವರು. ನಮ್ಮ ಒಕ್ಕಲಿನ ಒಬ್ಬರ ತೊಡೆಯನ್ನು ಹಂದಿ ಸೀಳಿತ್ತು. ಅವರು ಸಾಯುವವರೆಗೆ ಕುಂಟುತ್ತಲೇ ನಡೆದರು. ಆ ವರ್ಷ ಅವರ ಮನೆಗೆ ಎರಡು ಪಾಲು ಮಾಂಸ ಹೋಯಿತು ಎಂದು ಅಪ್ಪ ಬಹಳ ದಿನ ಹೇಳುತ್ತಿದ್ದರು. ಅದನ್ನು ಔದಾರ್ಯ ಎಂದು ನಾನೂ ಬಹಳ ವರ್ಷ ನಂಬಿದ್ದೆ.

ನಮ್ಮ ಜಿಲ್ಲೆಯವರೇ ಆದ ಕೆದಂಬಾಡಿ ಜತ್ತಪ್ಪ ರೈಗಳ 'ಬೇಟೆಯ ನೆನಪುಗಳು', ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ನನ ಕತೆಗಳು, ಇವನ್ನೆಲ್ಲ ಮದುವೆಯಾದ ಮೇಲೆ ಇಷ್ಟಪಟ್ಟು ಓದಿದೆ. ಬೇಟೆಯ ಪುಸ್ತಕಗಳು ಕೋವಿ ಸಿಡಿದ ಮೇಲೆ ಸಾಮಾನ್ಯವಾಗಿ ಮುಗಿದುಬಿಡುತ್ತವೆ. ನಮಗೆ ಕತೆ ಶುರುವಾಗುತ್ತಿದ್ದದ್ದೇ ಅಲ್ಲಿಂದ. ಗುಡ್ಡದಾಚೆ ಈಡಿನ ಸದ್ದು ಕೇಳಿತೆಂದರೆ ಅಮ್ಮ ಕೈಯಲ್ಲಿದ್ದ ಕೆಲಸ ಬಿಟ್ಟು ನಿಲ್ಲುತ್ತಿದ್ದರು. ಒಂದು ಈಡಾದರೆ ಸಮಾಧಾನ. ಎರಡು ಮೂರು ಬೆನ್ನುಬೆನ್ನಿಗೆ ಕೇಳಿದರೆ ಮುಖ ಬಾಡುತ್ತಿತ್ತು. ಪೊದೆಯ ಅಲುಗಾಟಕ್ಕೆ ಗುಂಡು ಹಾರಿಸಿ ಮನುಷ್ಯನನ್ನೇ ಬೀಳಿಸಿದ ಕತೆಗಳು ನಮ್ಮ ಕಡೆ ಬೇಕಾದಷ್ಟಿದ್ದವು.

ಪಾಲು ಹಾಕುವುದು ಗಂಡಸರು. ಗುಂಡು ಹೊಡೆದವರಿಗೆ ತಲೆ ಮತ್ತು ಒಂದು ತೊಡೆ, ಉಳಿದದ್ದು ಹೋದವರಿಗೆಲ್ಲ ಸಮ, ನಾಯಿಯದ್ದೂ ಒಂದು ಪಾಲು. ಆದರೆ ನಮ್ಮ ಪಾಲಿನಿಂದ ಬಾಳೆಲೆಯ ಕಟ್ಟು ಯಾರ ಮನೆಗೆ ಹೋಗಬೇಕು ಎಂಬುದು ಅಮ್ಮನ ಲೆಕ್ಕ. ಅವರು ಬೆರಳು ಮಡಚಿ ಎಣಿಸುತ್ತಿದ್ದರು: ಬಾಣಂತಿ ಇದ್ದ ಮನೆ ಬೇಡ, ಕೆಳಗಿನ ಮನೆ ಆಯಿತು, ತೋಟದಾಚೆಯದ್ದು ಆಯಿತು. ಗಂಡ ಸತ್ತು ಎರಡು ಮಕ್ಕಳೊಂದಿಗೆ ಇದ್ದ ಒಬ್ಬ ಹೆಂಗಸಿನ ಮನೆಯಿಂದ ಬೋಂಟೆಗೆ ಹೋಗುವವರು ಯಾರೂ ಇರಲಿಲ್ಲ. ಅವರ ಕಟ್ಟು ಒಮ್ಮೆಯೂ ತಪ್ಪಲಿಲ್ಲ. ಕತ್ತಲಲ್ಲಿ ಅದನ್ನು ಕೊಂಡುಹೋಗುವವಳು ನಾನು.

ಇನ್ನೊಂದು ಸಂಗತಿ. ನಮ್ಮ ಮನೆಯ ದೈವ ಪಂಜುರ್ಲಿ. ಹಂದಿಯ ಮೊಗದ ದೈವಕ್ಕೆ ವರ್ಷಕ್ಕೊಮ್ಮೆ ಕೋಲ ಕೊಟ್ಟು ಕೈಮುಗಿಯುವವರೇ ಹಂದಿಗೆ ಕೋವಿ ಎತ್ತುತ್ತಿದ್ದರು. 2022ರಲ್ಲಿ 'ಕಾಂತಾರ' ನೋಡಿ ಬಂದ ದಿನ ಮಗಳು ಇದನ್ನೇ ಹಿಡಿದು ಕೇಳಿದಳು. ನಮಗೆ ಆಗ ಇದು ವಿಚಿತ್ರ ಅನಿಸಿರಲಿಲ್ಲ ಮಾರಾಯ್ತಿ, ಎಂದೆ. ಅವಳಿಗೆ ಈ ಉತ್ತರ ಸಾಲಲಿಲ್ಲ. ನನಗೂ ಸಾಲುವುದಿಲ್ಲ, ಆದರೆ ಇದ್ದದ್ದು ಹಾಗೆಯೇ.

ಮೊದಲಿನ ಸುಳ್ಳಿಗೆ ಬರುತ್ತೇನೆ. 1976ರ ಕೆಡ್ಡಸ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರಲ್ಲೇ ಬಂದಿತ್ತು. ಅಪ್ಪನಿಗೆ ಗೊತ್ತಿರಲಿಲ್ಲ ಎನ್ನಲಾರೆ, ತೋಟಕ್ಕೆ ಬಂದ ಹಂದಿಗೂ ದಿಲ್ಲಿಗೂ ಎಂಥ ಸಂಬಂಧ ಎಂದು ಅವರು ನಗುತ್ತಿದ್ದರು. ಆದರೆ ಅದು ತುರ್ತುಪರಿಸ್ಥಿತಿಯ ಕಾಲ, ಸರಕಾರದ ಬೂಟಿನ ಸದ್ದು ಕೇಳಿದರೆ ನಗು ನಿಲ್ಲುತ್ತಿತ್ತು. ಮಾರನೆಯ ದಿನ ಬೆಳಿಗ್ಗೆ ಗಾರ್ಡು ಒಬ್ಬರು ಅಂಗಳಕ್ಕೆ ಬಂದರು. ವಯಸ್ಸಾದವರು, ಸಭ್ಯರು. ಅಪ್ಪ ತೋಟದಲ್ಲಿದ್ದರು. ಅಮ್ಮ ಮಜ್ಜಿಗೆ ತರಲು ಒಳಗೆ ಹೋದರು. ಗಾರ್ಡು ಜಗಲಿಯಲ್ಲಿ ಕೂತು, "ನಿನ್ನೆ ರಾತ್ರಿ ಊಟಕ್ಕೆ ಎಂತ ಇತ್ತು ಮಗಾ?" ಎಂದು ಕೇಳಿದರು.

ಕೇಳಿದರೆ ಮೀನು ಎನ್ನಬೇಕೆಂದು ಅಪ್ಪ ಮೊದಲೇ ಕಲಿಸಿದ್ದರು.

"ಬಂಗುಡೆ" ಎಂದೆ.

ಗಾರ್ಡು ಅಂಗಳದ ಕಡೆ ನೋಡಿದರು. ನಮ್ಮ ನಾಯಿ ಹಲಸಿನ ಮರದ ಬುಡದಲ್ಲಿ ಗೇಣುದ್ದದ ಎಲುಬನ್ನು ಎರಡು ಕಾಲಲ್ಲಿ ಹಿಡಿದು ಕಡಿಯುತ್ತಿತ್ತು.

"ನಿಮ್ಮ ಊರಿನ ಬಂಗುಡೆಗೆ ಕಾಲು ಉಂಟಾ?" ಎಂದರು ಅವರು.

ಜಗಲಿಯಲ್ಲಿದ್ದ ಇಬ್ಬರು ಆಳುಗಳು ನಕ್ಕರು. ಅವರೂ ನಕ್ಕರು. ಮಜ್ಜಿಗೆ ಕುಡಿದು, ಎಚ್ಚರಿಕೆ ಹೇಳಿ ಹೋದರು. ಅಪ್ಪನೂ ಮಧ್ಯಾಹ್ನ ಈ ಮಾತು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಮುಂದೆ ಮದುವೆ ಮುಂಜಿಗಳಲ್ಲಿ ನಾಲ್ಕು ಜನ ಸೇರಿದರೆ ಈ ಕತೆ ಬರಲೇಬೇಕು, ನನ್ನನ್ನು 'ಬಂಗುಡೆ' ಎಂದು ಕರೆಯುವ ಸೋದರಮಾವ ಮೊನ್ನೆ ಮೊನ್ನೆಯವರೆಗೆ ಇದ್ದರು. ನಗದೆ ಉಳಿದವರು ಇಬ್ಬರು, ನಾನು ಮತ್ತು ಅಮ್ಮ. ಆ ರಾತ್ರಿ ಊಟ ಬಡಿಸುತ್ತ ಅಮ್ಮ ಅಪ್ಪನಿಗೆ ಹೇಳಿದ್ದು ಇಷ್ಟೇ:

"ಇನ್ನು ಬೋಂಟೆಯದ್ದು ನನ್ನ ಒಲೆಗೆ ಬೇಡ. ತಿಂದದ್ದನ್ನು ತಿಂದೆ ಎಂದು ಹೇಳಲಿಕ್ಕೆ ಮಗು ಹೆದರುವುದಾದರೆ ಆ ಪದಾರ್ಥ ನಾನು ಮಾಡುವುದಿಲ್ಲ. ಬೇಕಾದರೆ ನೀವು ಹೊರಗೆ ಕಲ್ಲು ಹೂಡಿ ಬೇಯಿಸಿಕೊಳ್ಳಿ."

ಅಪ್ಪನ ಎದುರು ಅಮ್ಮ ಅಷ್ಟು ಉದ್ದ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಅಪ್ಪ ಮಾತಾಡಲಿಲ್ಲ. ಮುಂದಿನ ಸಲ ಹಿತ್ತಿಲಲ್ಲಿ ಮೂರು ಕಲ್ಲು ಹೂಡಿದರು. ಗಂಡಸರು ಕೊತ್ತಂಬರಿ ಹುರಿಯುತ್ತ ಕರಟಿಸಿದರು, ಉಪ್ಪು ಎರಡೆರಡು ಸಲ ಬಿತ್ತು. ಅಮ್ಮ ಒಳಗೆ ತೊಂಡೆಕಾಯಿ ಹೆಚ್ಚುತ್ತ ಕೂತಿದ್ದರು. ಹೊರಗಿನ ಆ ಅಡಿಗೆ ಎರಡು ವರ್ಷ ನಡೆಯಿತೋ ಮೂರು ವರ್ಷವೋ.

ಅಮ್ಮನ ಮಾತಿನಿಂದಲೇ ಬೋಂಟೆ ನಿಂತಿತು ಎಂದರೆ ಅದು ಮಗಳ ಅಭಿಮಾನದ ಮಾತಾದೀತು. ಅಷ್ಟರಲ್ಲಿ 1974ರ ಭೂಸುಧಾರಣೆ ಬಂದು ನಮ್ಮ ಒಕ್ಕಲಿನವರೆಲ್ಲ ಡಿಕ್ಲರೇಷನ್ ಕೊಟ್ಟಾಗಿತ್ತು. ಗದ್ದೆ ಅವರದ್ದಾದ ಮೇಲೆ ಧಣಿಗಳ ಕೋವಿಯ ಎದುರಿಗೆ ಹಂದಿ ಎಬ್ಬಿಸಿಕೊಡಲು ಅವರು ಯಾಕೆ ಮುಳ್ಳಿಗೆ ನುಗ್ಗಬೇಕು? 1976ರ ಬೋಂಟೆಗೆ ಬಂದವರು ಏಳೇ ಜನ. ಮೊದಲು ಮೂವತ್ತಕ್ಕೆ ಕಡಿಮೆ ಇರುತ್ತಿರಲಿಲ್ಲ. ತೊಡೆ ಸೀಳಿಸಿಕೊಂಡವರ ಮಗ ಬರುವುದಿಲ್ಲ ಎಂದು ನೇರವಾಗಿಯೇ ಹೇಳಿದ. ಆ ಹೊತ್ತಿಗೆ ನಮ್ಮ ತಾಲೂಕಿನ ಎಷ್ಟೋ ಕಾಡು ರಬ್ಬರಿನ ತೋಟವಾಗುತ್ತಿತ್ತು, ಶ್ರೀಲಂಕಾದಿಂದ ಮರಳಿದ ತಮಿಳರನ್ನು ಅಲ್ಲಿ ಕೆಲಸಕ್ಕೆ ನೆಲೆಗೊಳಿಸಿದ್ದರು. ಕಾನೂನು, ಭೂಮಿ, ರಬ್ಬರು, ಅಮ್ಮನ ಒಲೆ, ಯಾವುದು ಎಷ್ಟು ಎಂದು ಯಾರು ಅಳೆಯುತ್ತಾರೆ? ಬೋಂಟೆ ನಿಂತದ್ದಕ್ಕೆ ನನಗೆ ಬೇಸರವಿಲ್ಲ. ಆದರೆ ಕತ್ತಲಲ್ಲಿ ಬಾಳೆಲೆಯ ಕಟ್ಟು ಹಿಡಿದು ಆ ಹೆಂಗಸಿನ ಮನೆಗೆ ಹೋಗುವ ನೆಪವೂ ಅದರೊಂದಿಗೇ ನಿಂತಿತು. ಅಂಗಡಿಯ ಕೋಳಿಯನ್ನು ಯಾರೂ ಹಾಗೆ ಹಂಚುವುದಿಲ್ಲ.

ಕೋವಿ ಮಾತ್ರ ಉಳಿಯಿತು, ಬೆಳೆರಕ್ಷಣೆಯ ಲೈಸೆನ್ಸಿನ ಮೇಲೆ. ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ತರುವುದು. ಅಪ್ಪ 2009ರಲ್ಲಿ ಹೋದರು. ಬೆಂಗಳೂರಿನಲ್ಲಿರುವ ಅಣ್ಣನಿಗೆ ಲೈಸೆನ್ಸು ಬೇಡವಾಗಿತ್ತು. ಕೋವಿ ಒಪ್ಪಿಸಿ ಬರಿಗೈಯಲ್ಲಿ ಬಂದ. ಈಗ ತೋಟದಲ್ಲಿ ಹಂದಿ, ಮಂಗ, ನವಿಲುಗಳದ್ದೇ ದರಬಾರು. ಎಂಬತ್ತನಾಲ್ಕರ ಅಮ್ಮ ಕೋಲಿನಿಂದ ತಗಡು ಬಡಿಯುತ್ತಾರೆ. "ಆಗ ಅವರು ಡಬ್ಬ ಬಡಿದು ಹಂದಿಯನ್ನು ಕೋವಿಯ ಎದುರಿಗೆ ತರುತ್ತಿದ್ದರು, ಈಗ ನಾನು ಬಡಿದು ಪಕ್ಕದ ತೋಟಕ್ಕೆ ಕಳಿಸುತ್ತೇನೆ" ಎಂದು ಅವರೇ ನಗುತ್ತಾರೆ.

ನನ್ನ ತಂಗಿಯನ್ನು ಕೊಟ್ಟದ್ದು ಕಾಸರಗೋಡಿನ ಕಡೆಗೆ. ಕೇರಳದಲ್ಲಿ 2022ರ ಮೇ ತಿಂಗಳಿನಿಂದ ಬೆಳೆ ಹಾಳುಮಾಡುವ ಕಾಡುಹಂದಿಯನ್ನು ಕೊಲ್ಲಲು ಪಂಚಾಯತಿನ ಅಧ್ಯಕ್ಷರೇ ಅನುಮತಿ ಕೊಡಬಹುದು. ಕೊಂದದ್ದನ್ನು ತಿನ್ನುವಂತಿಲ್ಲ, ಹೂಳಬೇಕು. ತಂಗಿ ಇದನ್ನು ಫೋನಿನಲ್ಲಿ ಹೇಳಿದಾಗ ಅಮ್ಮ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಕೊಂದು ಮಣ್ಣಿಗೆ ಹಾಕುವುದಾ? ಅದಕ್ಕಿಂತ ತಿನ್ನುವುದು ಮೇಲಿತ್ತು" ಎಂದರು. ತಿನ್ನಲು ಬಿಟ್ಟರೆ ಬೆಳೆಯ ನೆಪದಲ್ಲಿ ಕಾಡೇ ಖಾಲಿಯಾದೀತು ಎಂಬುದು ಸರಿಯಾದ ವಾದವೇ. ನಾನು ಅದನ್ನು ಅಮ್ಮನಿಗೆ ವಿವರಿಸಿದೆ. ಬೋಂಟೆಯ ಮಾಂಸವನ್ನು ಒಲೆಯಿಂದ ಹೊರಗೆ ಹಾಕಿದವರು ಅವರೇ ಅಲ್ಲವೇ? ಆದರೂ ತಲೆಯಾಡಿಸಲಿಲ್ಲ.

2023ರ ಅಕ್ಟೋಬರಿನಲ್ಲಿ ಟಿವಿಯ ಬಿಗ್ ಬಾಸ್ ಕಾರ್ಯಕ್ರಮದಲ್ಲಿದ್ದ ಒಬ್ಬರನ್ನು ಹುಲಿಯುಗುರಿನ ಪದಕ ಹಾಕಿಕೊಂಡದ್ದಕ್ಕೆ ಬಂಧಿಸಿದರಲ್ಲ, ಆ ರಾತ್ರಿಯೇ ಅಣ್ಣನ ಫೋನು. "ಚಾವಡಿಯ ಕೊಂಬು ಈಗಲೂ ಉಂಟಾ?" ಕೊಂಬು ಮಾತ್ರವಲ್ಲ, ಬಾಲಗ್ರಹವಾಗದಂತೆ ಮಕ್ಕಳ ಕೊರಳಿಗೆ ಕಟ್ಟುವ ಚಿನ್ನದ ಕಟ್ಟಿನ ಹುಲಿಯುಗುರೂ ಅಮ್ಮನ ಪೆಟ್ಟಿಗೆಯಲ್ಲಿತ್ತು. ನಾನೂ ಅದನ್ನು ಹಾಕಿಕೊಂಡು ಬೆಳೆದವಳು. ನಮ್ಮ ಬೀದಿಯಲ್ಲೂ ಆ ವಾರ ಎಷ್ಟೋ ಹೆಂಗಸರು ಕಪಾಟು ತೆರೆದು ನೋಡಿದ್ದು ನನಗೆ ಗೊತ್ತು. 2024ರ ಜನವರಿಯಲ್ಲಿ ಸರಕಾರ ಇಂಥವನ್ನು ಹಿಂದಿರುಗಿಸಲು ಮೂರು ತಿಂಗಳು ಅವಧಿ ಕೊಟ್ಟಿತು. ಅಮ್ಮ ಅಕ್ಕಸಾಲಿಗನಿಂದ ಚಿನ್ನ ಬಿಡಿಸಿಕೊಂಡು ಉಗುರನ್ನು ಕಾಗದದಲ್ಲಿ ಕಟ್ಟಿದರು. ಕೊಂಬನ್ನು ಅಣ್ಣ ಗೋಡೆಯಿಂದ ಇಳಿಸುವಾಗ, "ಕೊಡೆ ತೆಗೆದಿಟ್ಟುಕೋ ಮಾರಾಯ, ಅದನ್ನೂ ಕೊಟ್ಟುಬಿಡಬೇಡ" ಎಂದರಂತೆ.

ಪಿಲಿಕುಳದಿಂದ ಬರುವಾಗ ಮೊಮ್ಮಗ ದಾರಿಯುದ್ದಕ್ಕೂ ಜಿಂಕೆಯ ಲೆಕ್ಕವನ್ನೇ ಹೇಳುತ್ತಿದ್ದ. ಪಡೀಲಿನ ಜಂಕ್ಷನ್ನಿನಲ್ಲಿ ರಿಕ್ಷಾ ನಿಂತಿತು, ಎದುರಿಗೆ ಲಾರಿಗಳ ಸಾಲು.

"ಮಗಾ, ನಾನು ಆಗ ಹೇಳಿದ್ದು ಸರಿಯಲ್ಲ" ಎಂದೆ. "ಕಾಡಿನಲ್ಲಿ ನೋಡಿದ್ದಲ್ಲ. ನಮ್ಮ ಮನೆಯವರು ಕೊಂದು ತರುತ್ತಿದ್ದರು. ನಾನೂ ತಿಂದಿದ್ದೇನೆ."

ಅವನು ನನ್ನ ಮುಖ ನೋಡಿದ. ನನ್ನ ಕೈಯಲ್ಲಿದ್ದ ಕೈಯನ್ನು ಮೆಲ್ಲನೆ ಬಿಡಿಸಿಕೊಂಡ. ಲಾರಿಗಳು ಸರಿದು, ರಿಕ್ಷಾ ಹೊರಟು, ಮನೆಯ ಗೇಟು ಬರುವವರೆಗೆ ಮಾತಿಲ್ಲ. ರಾತ್ರಿ ಊಟಕ್ಕೆ ನನ್ನ ಪಕ್ಕ ಕೂರದೆ ಅವನಮ್ಮನ ಪಕ್ಕ ಕೂತ. ನಾನು ಸುಮ್ಮನಿದ್ದೆ.

ಮಲಗುವ ಹೊತ್ತಿಗೆ ಬಾಗಿಲ ಹತ್ತಿರ ಬಂದು ನಿಂತ.

"ಅಜ್ಜಿ, ಆ ಗಾರ್ಡಿಗೂ ಹೀಗೇ ಹೇಳಿದಿರಾ?" ಬಂಗುಡೆಯ ಕತೆಯನ್ನು ಅವನಮ್ಮ ಆಗಲೇ ಹೇಳಿಯಾಗಿತ್ತು.

"ಇಲ್ಲ" ಎಂದೆ.

"ನಾಳೆ ಮುತ್ತಜ್ಜಿಗೆ ಫೋನ್ ಮಾಡಿ" ಎಂದ. "ಅವರು ಎಂತ ಹೇಳ್ತಾರೆ ನೋಡಬೇಕು."

ಮಾರನೆಯ ದಿನ ಫೋನು ಹಚ್ಚಿ ಅವನ ಕೈಗೆ ಕೊಟ್ಟೆ. ಅಮ್ಮನಿಗೆ ಕಿವಿ ಸ್ವಲ್ಪ ಮಂದ. ಅವನು ಕಿರುಚಿ ಕಿರುಚಿ ಎಲ್ಲ ಕೇಳಿದ. ಅಮ್ಮ ಅರ್ಧ ಗಂಟೆ ಅವನೊಂದಿಗೆ ಮಾತಾಡಿದರು, ಏನೆಂದು ನನಗೆ ಕೇಳಿಸಲಿಲ್ಲ. ಕೊನೆಗೆ ಫೋನು ನನ್ನ ಕೈಗೆ ಬಂದಾಗ, ಗೋಡೆಯಲ್ಲಿ ಬರೇ ಎರಡು ಮೊಳೆಯ ತೂತು ಉಳಿದಿದೆ, ಮಳೆಗಾಲ ಹತ್ತಿರ ಬಂತು, ಒದ್ದೆ ಕೊಡೆ ಎಲ್ಲಿ ತೂಗಿಸುವುದೆಂದು ಗೊತ್ತಾಗುವುದಿಲ್ಲ, ಬರುವಾಗ ಪೇಟೆಯಿಂದ ಗಟ್ಟಿಯದ್ದೊಂದು ಕೊಕ್ಕೆ ತಾ, ಎಂದರು.