ಮಾಡದಲ್ಲೊಂದು ತಂಬಿಗೆ ಹೂ

ವಿಜಯಪುರದ ಜಾಮಿಯಾ ಮಸೀದಿಗೆ ಹೋದವರು ಮೊದಲು ಬೆರಗಾಗುವುದು ಅದರ ವಿಸ್ತಾರಕ್ಕೆ. ಸಾಲುಗಟ್ಟಿ ನಿಂತ ಕಮಾನುಗಳ ನಡುವೆ ನಡೆದು ಪಶ್ಚಿಮದ ಗೋಡೆಯ ಬಳಿ ಬಂದಾಗ ಮಿಹ್ರಾಬಿನ ಬಂಗಾರದ ಬಣ್ಣ ಕಣ್ಣು ತುಂಬುತ್ತದೆ. 1636ರಲ್ಲಿ, ಮಹಮ್ಮದ್ ಆದಿಲ್‌ಶಾಹನ ಕಾಲದಲ್ಲಿ ಆದ ಅಲಂಕಾರವಿದು. ನಿಂತು ನೋಡಿದರೆ ಅಲ್ಲಿ ಮನೆಯೊಂದರ ಗೋಡೆಯೇ ಕಾಣುತ್ತದೆ. ಪುಟ್ಟ ಪುಟ್ಟ ಮಾಡಗಳು. ಕೆಲವುಗಳಲ್ಲಿ ಪುಸ್ತಕಗಳು, ಕೆಲವುಗಳಲ್ಲಿ ಹೂ ತುಂಬಿದ ಹೂದಾನಿಗಳು. ಎಲ್ಲವೂ ಚಿತ್ರದವೇ. ಆಸಾರ್ ಮಹಲಿನ ಮೇಲಂತಸ್ತಿನ ಗೋಡೆಗಳಲ್ಲೂ ಇಂಥ ಹೂದಾನಿಗಳಿವೆ. ಬಣ್ಣ ಮಾತ್ರ ಮಾಸಿದೆ.

ಹೂದಾನಿ ಎಂಬ ಮಾತನ್ನೇ ನೋಡಿ. ಹೂ ನಮ್ಮದು, ದಾನಿ ಪಾರಸಿಯದು. ಅತ್ತರದಾನಿ, ಗುಲಾಬದಾನಿ, ಪೀಕದಾನಿಗಳ ಸಾಲಿನಲ್ಲಿ ಬಂದದ್ದು. ಈ ಊರಿನ ಸ್ವಭಾವವೆಲ್ಲ ಆ ಒಂದು ಪದದಲ್ಲಿದೆ.

ಈಗ ಗಾಂಧಿ ಚೌಕದ ಸುತ್ತಲಿನ ಪೇಟೆಯಲ್ಲಿ ಹೂದಾನಿಗೇನೂ ಬರವಿಲ್ಲ. ಹಳೆಯದರಂತೆ ಕಾಣಲೆಂದು ಕಿಲುಬಿನ ಬಣ್ಣ ಬಳಿದ ಹೊಸ ಪಾತ್ರೆಗಳೂ ಸಿಗುತ್ತವೆ, ಅವುಗಳಿಗೆ ಒಪ್ಪುವ ಪ್ಲಾಸ್ಟಿಕ್ ಗುಲಾಬಿಯೂ ಸಿಗುತ್ತದೆ. ನಿಜವಾದ ಹಳೆಯ ಹಿತ್ತಾಳೆ ಮಾತ್ರ ಗುಜರಿಯಲ್ಲಿ ತೂಕದ ಲೆಕ್ಕದಲ್ಲಿ ಹೋಗುತ್ತಿದೆ. ಈ ವ್ಯಾಪಾರ ನನಗಂತೂ ಅರ್ಥವಾಗುವುದಿಲ್ಲ.

ಊರಿನಿಂದ ಪಶ್ಚಿಮಕ್ಕೆ, ಅಥಣಿ ರಸ್ತೆಯಲ್ಲಿ ತಿಕೋಟಾ. ದ್ರಾಕ್ಷಿಯ ಸೀಮೆ. ನೀರು ಬಂತು, ಒಣದ್ರಾಕ್ಷಿಯ ದುಡ್ಡು ಬಂತು, ಊರು ತಾಲ್ಲೂಕು ಕೇಂದ್ರವೂ ಆಯಿತು. ಹಳೆಯ ಮಾಳಿಗೆ ಮನೆಗಳು ಒಂದೊಂದಾಗಿ ಇಳಿಯುತ್ತಿವೆ. ನಾನು ಹೋದ ಮನೆಯೂ ಇನ್ನೇನು ಇಳಿಯಲಿತ್ತು. ಮೊಳಕ್ಕಿಂತ ದಪ್ಪ ಗೋಡೆ, ಪಡಸಾಲೆಯಲ್ಲಿ ಐದು ಮಾಡ. ಒಂದರಲ್ಲಿ ದೀಪ, ಒಂದರಲ್ಲಿ ಎಲೆ ಅಡಿಕೆಯ ಚೀಲ, ಇನ್ನೊಂದರಲ್ಲಿ ಬೋರಲು ಹಾಕಿದ ಹಿತ್ತಾಳೆಯ ತಂಬಿಗೆ. ಅದರಲ್ಲಿ ಹೂ ಇಟ್ಟರೆ ಹೇಗೆ ಎಂದು ಆಯಿಯನ್ನು ಕೇಳಿದೆ.

‘ಹೂವು ದೇವರಿಗೆ, ಇಲ್ಲಾ ತುರುಬಿಗೆ. ನೀರಾಗ ಯಾಕ ಇಡಬೇಕೋ ತಮ್ಮಾ?’ ಎಂದರು.

ಆದರೂ ಹಿತ್ತಲಿನಿಂದ ನಾಲ್ಕು ಶಾವಂತಿಗೆ ತಂದುಕೊಟ್ಟರು. ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದಾಗ ತಂಬಿಗೆ ಹೊಳೆಯಿತು. ಬೆಳಕಿಂಡಿಯಿಂದ ಇಳಿದ ಬಿಸಿಲು ಸುಣ್ಣದ ಗೋಡೆಗೆ ತಾಗಿ ಮಾಡದೊಳಗೆ ಹರಡಿದಾಗ ನನಗೆ ಮಿಹ್ರಾಬು ನೆನಪಾಯಿತು. ಆಯಿಗೂ ಹಿಡಿಸಿತೆಂದು ಕಾಣುತ್ತದೆ, ‘ಇರಲಿ ಬಿಡು’ ಎಂದರು.

ಮಗನ ಮಾತನ್ನೂ ತಳ್ಳಿಹಾಕುವಂತಿಲ್ಲ. ಮಳೆಗಾಲಕ್ಕೆ ಮೊದಲು ಮಾಳಿಗೆಗೆ ಮಣ್ಣು ಹಾಕಬೇಕು, ಹಾಕಿದರೂ ಸೋರುತ್ತದೆ. ಸೋರುವ ಮನೆಯಲ್ಲಿದ್ದವರಿಗೆ ಅದರ ಚೆಲುವಿನ ಪಾಠ ಹೇಳಲು ನಾವ್ಯಾರು? ಹೊಸ ಮನೆಗೆ ಗಾಜಿನ ಶೋಕೇಸು ಮಾಡಿಸುವವರಿದ್ದರು. ನಾನು ಹೇಳಿದ್ದು ಇಷ್ಟೇ: ಗೌಂಡಿಗೆ ಮೊದಲೇ ತಿಳಿಸಿದರೆ ಒಂಬತ್ತು ಇಂಚಿನ ಇಟ್ಟಿಗೆ ಗೋಡೆಯಲ್ಲೂ ಅಂಗೈ ಆಳದ ಒಂದು ಮಾಡ ಬಿಡಬಹುದು. ತಂಬಿಗೆ ಹಿಡಿಸದಿದ್ದರೆ ಗಿಂಡಿ ಸಾಕು. ಮಗ ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ; ಅಳತೆ ಎಷ್ಟು ಎಂದು ಕೇಳಿದರು.

ಹಳೆಯ ಮನೆ ಇರುವವರಿಗೆ ಒಂದು ಸೂಚನೆ. ಮಣ್ಣಿನ ಗೋಡೆ ನೀರನ್ನು ಹೀರುತ್ತದೆ, ಪಾತ್ರೆಯ ಕೆಳಗೆ ತಟ್ಟೆ ಇರಲಿ. ಈ ಕಡೆಯ ಬೇಸಿಗೆಗೆ ನೀರು ಬೇಗ ಕೆಡುತ್ತದೆ, ದಿನಾ ಬದಲಿಸಬೇಕು. ಅಷ್ಟೆಲ್ಲ ಯಾರು ಮಾಡಿಯಾರು ಎನ್ನುವವರು ಬಬಲೇಶ್ವರದ ಹಾದಿ ಹಿಡಿಯಲಿ.

ಅಲ್ಲಿನ ಕಪ್ಪು ಎರೆಯ ಹೊಲಗಳಲ್ಲಿ ಹಿಂಗಾರಿನ ಬಿಳಿಜೋಳದ ಜೊತೆಗೆ ಕುಸುಬಿ ಬೆಳೆಯುತ್ತಾರೆ. ಮೊದಲು ಹಳದಿ, ಬಾಡುತ್ತ ಬಂದಂತೆ ಕೇಸರಿ, ಕೆಂಪು. ಅರಳುವಾಗಲೇ ದಂಟು ಸಮೇತ ಕೊಯ್ದು, ಕಟ್ಟು ಕಟ್ಟಿ, ನೆರಳಿನಲ್ಲಿ ತಲೆಕೆಳಗಾಗಿ ತೂಗುಹಾಕಿದರೆ ತಿಂಗಳುಗಟ್ಟಲೆ ಬಣ್ಣ ಬಿಡುವುದಿಲ್ಲ. ನೀರಿನ ಗೊಡವೆಯೂ ಇಲ್ಲ. ಜೊತೆಗೆ ನಾಲ್ಕು ಜೋಳದ ತೆನೆ ಸೇರಿಸಿ ಹಳೆಯ ಕೊಡದಲ್ಲಿ ನಿಲ್ಲಿಸಿದರೆ ಪಡಸಾಲೆಯ ಮೂಲೆ ತುಂಬುತ್ತದೆ.

‘ಕುಸುಬಿ ಎಣ್ಣಿಗೆ ಬೆಳೀತೀವ್ರಿ, ಮನ್ಯಾಗ ಇಡಾಕಂತ ಕೇಳಿದವರು ನೀವ ಮೊದಲು’ ಎಂದು ಹೊಲದವರು ನಕ್ಕರು. ಒಂದು ತೆಕ್ಕೆ ಕೊಯ್ದು, ಹಳೆಯ ಗೋಣಿಚೀಲದಲ್ಲಿ ಸುತ್ತಿ ಕೊಟ್ಟರು. ರೊಕ್ಕ ತೆಗೆದುಕೊಳ್ಳಲಿಲ್ಲ. ‘ಬಸ್ಸಿನ್ಯಾಗ ಮಂದಿಗೆ ಮುಳ್ಳು ಚುಚ್ಚೀತು, ನೋಡ್ಕೊಂಡು ಒಯ್ರಿ’ ಎಂದರು.