ಕಾಠ್ಮಂಡುವಿನ ದಾರಿ

ಯಾತ್ರೆ ಎಂದೊಡನೆ ನಮ್ಮ ಜನರು ಮೊದಲು ವಿಚಾರಿಸುವುದು ಕ್ಷೇತ್ರದ ಮಹಿಮೆಯನ್ನು, ಬಳಿಕ ಖರ್ಚನ್ನು. ದಾರಿಯನ್ನು ವಿಚಾರಿಸುವುದು ಎಲ್ಲಕ್ಕೂ ಕೊನೆಗೆ. ಬಯಲುಸೀಮೆಯ ಊರುಗಳಿಗೆ ಹೋಗುವಾಗ ಇದರಿಂದ ಹೆಚ್ಚಿನ ತೊಂದರೆಯಿಲ್ಲ. ಆದರೆ ಪಶುಪತಿನಾಥನ ದರ್ಶನಕ್ಕೆಂದು ನೇಪಾಳದ ರಾಜಧಾನಿಗೆ ಹೊರಡುವವರು ದಾರಿಯನ್ನೇ ಮೊದಲು ವಿಚಾರಿಸಬೇಕೆಂಬುದು ನಮ್ಮ ಅನುಭವದ ಮಾತು. ಮನೆಯ ಹಿರಿಯರನ್ನು ಯಾತ್ರೆಗೆ ಕಳುಹಿಸುವ ಮಕ್ಕಳು ಓದಲೆಂದೇ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ಕಾಠ್ಮಂಡು ನಗರವು ಸಮುದ್ರಮಟ್ಟದಿಂದ ಸುಮಾರು 1,300 ಮೀಟರ್ ಎತ್ತರದಲ್ಲಿ, ಬಟ್ಟಲಿನಂಥ ಒಂದು ಕಣಿವೆಯಲ್ಲಿದೆ. ಬಟ್ಟಲಿನ ಅಂಚಿನಂತೆ ಸುತ್ತಲೂ ಬೆಟ್ಟಗಳು. ಯಾವ ದಿಕ್ಕಿನಿಂದ ಬಂದರೂ ಈ ಅಂಚನ್ನು ದಾಟದೆ ಒಳಗೆ ಇಳಿಯುವಂತಿಲ್ಲ. 1927ರಲ್ಲಿ ನಮ್ಮ ಗಡಿಯ ರಕ್ಸೌಲ್‌ನಿಂದ ಅಮಲೇಖಗಂಜ್‌ವರೆಗೆ ರೈಲು ಬಂದಿತು. ಅಲ್ಲಿಂದ ಭೀಮಫೇದಿಯವರೆಗೆ ಮೋಟಾರು. ಅದರಾಚೆ ಕಾಲ್ನಡಿಗೆ, ಇಲ್ಲವೇ ಡೋಲಿ. ಆ ಕಾಲದಲ್ಲಿ ರಾಣಾ ಪ್ರಭುಗಳಿಗಾಗಿ ತರಿಸಿದ ಮೋಟಾರು ಕಾರುಗಳನ್ನು ಬಿದಿರಿನ ಗಳಗಳಿಗೆ ಬಿಗಿದು, ಹತ್ತಾರು ಕೂಲಿಯಾಳುಗಳು ಹೆಗಲ ಮೇಲೆ ಹೊತ್ತು ಬೆಟ್ಟ ದಾಟಿಸುತ್ತಿದ್ದರು. ನಗರಕ್ಕೆ ಮೋಟಾರು ರಸ್ತೆ ಬರುವ ಮೊದಲೇ ನಗರದೊಳಗೆ ಮೋಟಾರು ಓಡಾಡಿತೆಂದರೆ ಅದು ಆ ಹೆಗಲುಗಳ ಪುಣ್ಯ. 1956ರಲ್ಲಿ ಭಾರತದ ನೆರವಿನಿಂದ ತ್ರಿಭುವನ ರಾಜಪಥವು ಸಿದ್ಧವಾಯಿತು. 1970ರ ದಶಕದಲ್ಲಿ ಚೀನಾದ ನೆರವಿನಿಂದ ಪೋಖರಾ ಕಡೆಗೆ ಪೃಥ್ವಿ ರಾಜಮಾರ್ಗವು ಪೂರ್ಣಗೊಂಡಿತು. ಇಂದು ಗಡಿಯಿಂದ ಬರುವ ಬಸ್ಸುಗಳಲ್ಲಿ ಹೆಚ್ಚಿನವು ನಾರಾಯಣಗಢ, ಮುಗ್ಲಿಂಗ್ ಮಾರ್ಗವಾಗಿ ತ್ರಿಶೂಲಿ ನದಿಯ ದಂಡೆಯನ್ನು ಹಿಡಿದು, ನೌಬಿಸೆಯ ಬಳಿಕ ನಾಗಢುಂಗಾದ ಏರನ್ನು ಹತ್ತಿ ಕಣಿವೆಗೆ ಇಳಿಯುತ್ತವೆ.

ಈ ದಾರಿಯ ಒಂದು ಪಕ್ಕದಲ್ಲಿ ಸಡಿಲ ಮಣ್ಣಿನ ಬೆಟ್ಟ, ಇನ್ನೊಂದು ಪಕ್ಕದಲ್ಲಿ ಭೋರ್ಗರೆಯುವ ನದಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಬೆಟ್ಟ ಕುಸಿಯುವುದು ಅಲ್ಲಿಯವರಿಗೆ ವರ್ಷವರ್ಷದ ಸಂಗತಿ. 2024ರ ಜುಲೈ 12ರ ಬೆಳಗಿನ ಜಾವ ಸಿಮಲ್‌ತಾಲ್ ಎಂಬಲ್ಲಿ ಕುಸಿದ ಮಣ್ಣು ಎರಡು ಬಸ್ಸುಗಳನ್ನು ತ್ರಿಶೂಲಿಗೆ ನೂಕಿತು. ಅವುಗಳಲ್ಲಿ ಅರುವತ್ತಕ್ಕೂ ಹೆಚ್ಚು ಜನರಿದ್ದರು. ಈಜಿ ದಡ ಸೇರಿದವರು ಬೆರಳೆಣಿಕೆಯಷ್ಟು. ಅದೇ ವರ್ಷದ ಸೆಪ್ಟೆಂಬರ್ ಕೊನೆಯಲ್ಲಿ ನಗರದ ಹೊಸ್ತಿಲಿನಲ್ಲೇ, ಝ್ಯಾಪ್ಲೆ ಖೋಲಾ ಬಳಿ, ರಸ್ತೆಯಲ್ಲಿ ನಿಂತಿದ್ದ ವಾಹನಗಳು ಮಣ್ಣಿನಡಿ ಹೂತುಹೋದವು. ನಾಗಢುಂಗಾದ ಅಡಿಯಲ್ಲಿ ಜಪಾನಿನ ನೆರವಿನಿಂದ ಸುರಂಗವನ್ನು ಕೊರೆದಿರುವುದು ನಿಜ. ಆದರೆ ಸುರಂಗವು ಕೊನೆಯ ಏರಿನ ಶ್ರಮವನ್ನು ತಗ್ಗಿಸಬಲ್ಲುದಲ್ಲದೆ ತ್ರಿಶೂಲಿಯ ದಂಡೆಯ ಬೆಟ್ಟವನ್ನು ಗಟ್ಟಿಗೊಳಿಸಲಾರದು.

ನಾವು ಹೋದಾಗ ನಮ್ಮ ತಂಡದಲ್ಲಿ ಹನ್ನೊಂದು ಜನರಿದ್ದರು. ಎಪ್ಪತ್ತು ದಾಟಿದವರೇ ಐವರು. ಯಾತ್ರೆಯ ಏರ್ಪಾಡು ಮಾಡಿದವರು ರಾತ್ರಿ ಬಸ್ಸಿನಲ್ಲಿ ಹೋದರೆ ಒಂದು ದಿನವೂ ಒಂದು ವಸತಿಯ ಖರ್ಚೂ ಉಳಿಯುವುದೆಂದು ಒತ್ತಾಯಿಸಿದರು. ನಾವು ಒಪ್ಪದೆ, ಹಗಲಲ್ಲೇ ಹೊರಡುವುದೆಂದು ಹಟ ಹಿಡಿದೆವು. ಮುಗ್ಲಿಂಗ್ ತಲುಪುವ ಮೊದಲೇ ಮುಂದೆ ಮಣ್ಣು ಬಿದ್ದು ದಾರಿ ಕಟ್ಟಿತು. ಚಾಲಕನು ಗಾಲಿಗಳಿಗೆ ಕಲ್ಲು ಕೊಟ್ಟು, ಯಂತ್ರ ನಿಲ್ಲಿಸಿ, ಟವೆಲು ಹೊದ್ದು ಮಲಗಿಬಿಟ್ಟನು. ಏಳು ತಾಸು ಹಾಗೆಯೇ ಕಳೆಯಿತು. ಸಕ್ಕರೆ ಕಾಯಿಲೆಯ ಒಬ್ಬ ತಾಯಿಗೆ ಮಧ್ಯಾಹ್ನದ ಮಾತ್ರೆಯ ಹೊತ್ತಾಯಿತು. ಮಾತ್ರೆಗಳಿದ್ದ ಪೆಟ್ಟಿಗೆಯನ್ನು ಬಸ್ಸಿನ ಮಾಳಿಗೆಯ ಮೇಲೆ ತಾಡಪತ್ರಿಯಡಿ ಬಿಗಿದಿದ್ದರು. ಬಸ್ಸಿನ ಸಹಾಯಕ ಹುಡುಗನು ಸುರಿಯುವ ಮಳೆಯಲ್ಲಿ ಮೇಲೇರಿ ಆ ಪೆಟ್ಟಿಗೆಯನ್ನು ಇಳಿಸಿ ತಂದನು. ರಸ್ತೆಯಂಚಿನಲ್ಲಿ ಸೌತೆಕಾಯಿ ಸೀಳಿ ಉಪ್ಪು ಖಾರ ಹಚ್ಚಿ ಮಾರುತ್ತಿದ್ದ ಹೆಣ್ಣುಮಗಳು ಆ ತಾಯಿಯ ಮುಖ ನೋಡಿ, ತನ್ನ ಮನೆಯಿಂದ ಬಿಸಿ ಅನ್ನ ತಂದುಕೊಟ್ಟಳು, ಹಣ ಮುಟ್ಟಲಿಲ್ಲ.

ಆ ಏಳು ತಾಸುಗಳಲ್ಲಿ ನಮ್ಮನ್ನು ಬಾಧಿಸಿದ್ದು ಮಳೆಯಲ್ಲ, ಊರಿನಿಂದ ಬರುತ್ತಿದ್ದ ದೂರವಾಣಿ ಕರೆಗಳು. "ಇನ್ನೂ ಮುಟ್ಟಲಿಲ್ಲವೇ? ಬೇರೆ ವಾಹನ ಹಿಡಿಯಬಾರದೇ? ನಾಡಿದ್ದಿನ ರೈಲು ತಪ್ಪಿದರೆ ಹೇಗೆ?" ಎಂದು ಆ ತಾಯಿಯ ಮಗನು ಮೇಲಿಂದ ಮೇಲೆ ಕೇಳುತ್ತಿದ್ದನು. ಅವನ ಕಳಕಳಿಯಲ್ಲಿ ಕೊರತೆಯಿರಲಿಲ್ಲ. ತಾಯಿಯನ್ನು ನಿಲ್ದಾಣದಲ್ಲಿ ಎದುರುಗೊಳ್ಳಲು ಅವನಿಗೆ ಸಿಕ್ಕಿದ್ದು ಒಂದೇ ದಿನದ ರಜೆ. ತಾಯಿಯಾದರೋ ಗಾಬರಿಯಿಂದ ಎದ್ದು, ಕುಸಿದ ಮಣ್ಣಿನ ಮೇಲೆ ನಡೆದೇ ಆಚೆ ದಾಟುವೆನೆಂದು ಚೀಲ ಹಿಡಿದು ನಿಂತರು. ಕೆಲವು ತರುಣರು ಆಗಲೇ ಹಾಗೆ ದಾಟುತ್ತಿದ್ದರು. ಮೇಲಿನಿಂದ ಸಣ್ಣ ಕಲ್ಲುಗಳು ಇನ್ನೂ ಉರುಳುತ್ತಿದ್ದವು. ಅವರನ್ನು ಕುಳ್ಳಿರಿಸಲು ನಮಗೆ ಅರ್ಧ ಗಂಟೆ ಹಿಡಿಯಿತು. ಅವಸರವು ಆ ಹಿರಿಯ ಜೀವದ್ದಾಗಿರಲಿಲ್ಲ. ಅದು ಊರಿನಲ್ಲಿದ್ದ ಪಂಚಾಂಗದ್ದು, ರಜೆಯ ಅರ್ಜಿಯದ್ದು. ಅದರ ಅಪಾಯವನ್ನು ಹೊರಬೇಕಾದವರು ಮಾತ್ರ ಅವರು.

ನಗರವನ್ನು ಸೇರಿದ ಮೇಲೆ ಓಡಾಟಕ್ಕೆ ಚಿಂತೆಯಿಲ್ಲ. ಸುಮಾರು 27 ಕಿಲೋಮೀಟರ್ ಉದ್ದದ ವರ್ತುಲ ರಸ್ತೆಯು ಕಾಠ್ಮಂಡುವನ್ನೂ ಬಾಗ್ಮತಿಯಾಚೆಯ ಪಾಟಣವನ್ನೂ ಬಳಸಿಕೊಂಡಿದೆ. 1975ರಲ್ಲಿ ತ್ರಿಪುರೇಶ್ವರದಿಂದ ಭಕ್ತಪುರದ ಕಡೆಗೆ ವಿದ್ಯುತ್ ತಂತಿಯ ಟ್ರಾಲಿ ಬಸ್ಸು ಆರಂಭವಾಗಿತ್ತು. ಅದು ನಿಂತು ವರ್ಷಗಳೇ ಆದವು. ಆದರೆ ವಿದ್ಯುತ್ತಿನ ಓಟ ನಿಲ್ಲಲಿಲ್ಲ. ಹೊಗೆಯುಗುಳುವ ಡೀಸೆಲ್ ಟೆಂಪೋಗಳನ್ನು 1999ರಲ್ಲಿ ಕಣಿವೆಯಿಂದ ಹೊರಹಾಕಿದ ಮೇಲೆ, ಬ್ಯಾಟರಿಯಿಂದ ಓಡುವ 'ಸಫಾ ಟೆಂಪೋ' ಎಂಬ ಮೂರು ಗಾಲಿಯ ಗಾಡಿಗಳು ಜನರ ವಾಹನವಾದವು. ಇವನ್ನು ನಡೆಸುವವರಲ್ಲಿ ಮಹಿಳೆಯರು ಬಹಳ. ಕಿರಿದಾದ ಗಲ್ಲಿಗಳಲ್ಲಿ ಅವರು ತೋರುವ ತಾಳ್ಮೆಯನ್ನು ಕಂಡು ನಮ್ಮ ತಂಡದ ತಾಯಂದಿರು ಬೆರಗಾದರು. ಹಳೆಯ ಪೇಟೆಯನ್ನು ಮಾತ್ರ ನಡೆದೇ ನೋಡಬೇಕು.

ಪಶುಪತಿ ದೇವಾಲಯವು ವಿಮಾನ ನಿಲ್ದಾಣಕ್ಕೆ ಬಹು ಸಮೀಪ. ಅಲ್ಲಿಯ ಮುಖ್ಯ ಅರ್ಚಕರು ಪರಂಪರೆಯಿಂದ ನಮ್ಮ ಕನ್ನಡನಾಡಿನ ಕಡೆಯವರು. ಪೂರ್ವಕ್ಕೆ ಹತ್ತು ಹದಿಮೂರು ಕಿಲೋಮೀಟರ್ ದೂರದ ಭಕ್ತಪುರದಲ್ಲಿ ಜಂಗಮ ಮಠವೊಂದಿದೆ. ರೈಲು, ರಸ್ತೆ ಯಾವುದೂ ಇಲ್ಲದ ಕಾಲದಲ್ಲಿ ಜಂಗಮರು ಆ ಬೆಟ್ಟಗಳನ್ನು ನಡೆದು ದಾಟಿದ್ದರೆಂಬುದನ್ನು ನೆನೆದಾಗ ನಮ್ಮ ಏಳು ತಾಸುಗಳು ಎಷ್ಟರವು!

ಆದ್ದರಿಂದ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ. ಹಿರಿಯರನ್ನು ಸಾಧ್ಯವಾದರೆ ವಿಮಾನದಲ್ಲಿ ಕಳುಹಿಸಿ. ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಗುರುತಿನ ಚೀಟಿ ಕೈಯಲ್ಲಿರಲಿ. ಸುತ್ತಲೂ ಬೆಟ್ಟಗಳಿರುವುದರಿಂದ ಮೋಡ, ಮಂಜು ಕವಿದಾಗ ವಿಮಾನವೂ ಕಾಯಬೇಕಾಗುತ್ತದೆ. ರಸ್ತೆಯಲ್ಲಿ ಹೋಗುವುದೇ ಆದರೆ ಮಳೆಗಾಲವನ್ನು ಬಿಡಿ, ರಾತ್ರಿ ಪ್ರಯಾಣವನ್ನು ಬಿಡಿ. ಮಾತ್ರೆಗಳು ಮಡಿಲ ಚೀಲದಲ್ಲಿರಲಿ. ಹಿಂತಿರುಗುವ ರೈಲಿನ ಮುಂಚೆ ಎರಡು ದಿನಗಳನ್ನು ಬರಿದಾಗಿ ಇಟ್ಟುಕೊಳ್ಳಿ. ಆ ಎರಡು ದಿನಗಳ ವಸತಿಯ ಖರ್ಚು ಯಾತ್ರೆಯ ಖರ್ಚಿನೊಳಗೇ ಸೇರಿದ್ದೆಂದು ಭಾವಿಸಿ. ದೂರವಾಣಿಯಲ್ಲಿ ಮಾತನಾಡುವಾಗ "ಮುಟ್ಟಿದಿರಾ?" ಎಂದು ಕೇಳುವ ಬದಲು "ಊಟವಾಯಿತೇ? ನಿಧಾನವಾಗಿ ಬನ್ನಿ" ಎನ್ನಿರಿ. ದಾರಿಯಲ್ಲಿ ಸಿಲುಕಿದ ಹಿರಿಯ ಜೀವಕ್ಕೆ ಮನೆಯಿಂದ ತಲುಪಬೇಕಾದ ಮಾತು ಅದೇ.