ಸಂಖ್ಯೆ ಇ ೭-೧೦೩೫

ಹೋದ ತಿಂಗಳು ನಮ್ಮ ಕಡೆಯ ಮುದುಕಿಯೊಬ್ಬರು ಅರ್ಜಿ ಹಿಡಿದು ನನ್ನ ಮೇಜಿನ ಮುಂದೆ ನಿಂತರು. ಅಡ್ಡಹೆಸರಿನ ಕಲಮು ಖಾಲಿಯಿತ್ತು. ಊರಿನದೊಂದು ಅಕ್ಷರ, ತಂದೆಯದೊಂದು ಅಕ್ಷರ, ಆಮೇಲೆ ಹೆಸರು. ನಮ್ಮ ರೂಢಿ ಅಷ್ಟೇ ಎಂಬುದು ವಾಚಕರಿಗೆ ತಿಳಿದದ್ದೇ. ಆದರೆ ಮುಂಬಯಿಯ ಕಚೇರಿಗೆ ಅಷ್ಟು ಸಾಲದು. "ತುಂಬಿಸಿಕೊಂಡು ಬನ್ನಿ ಅಮ್ಮ" ಎಂದು ಹಿಂದಕ್ಕೆ ಕಳಿಸಿದೆ. ನಾನು ಕೆಲಸಕ್ಕೆ ಸೇರಿದಾಗ ಹಿರಿಯ ಗುಮಾಸ್ತರೊಬ್ಬರು ನನ್ನ ಊರನ್ನೇ ಅಡ್ಡಹೆಸರಾಗಿ ಬರೆದುಕೊಂಡಿದ್ದರು. ಇಂದಿಗೂ ಎಲ್ಲರೂ ನನ್ನನ್ನು ಕೂಗುವುದು ಊರಿನ ಹೆಸರಿನಿಂದಲೇ. ನಾನು ಊರು ಬಿಟ್ಟರೂ ಅದು ನನ್ನನ್ನು ಬಿಡಲಿಲ್ಲ!

ಅದೇ ವಾರ ನೆರೆಮನೆಯ ಹುಡುಗ ತನ್ನ ಅಂಚೆಚೀಟಿಗಳನ್ನು ತೋರಿಸಿದ. ಕೆನಡಾದ ಆರು ಸೆಂಟಿನ ಚೀಟಿ, ೧೯೭೦ರದು. ಅದರ ತುಂಬ ಒಂದು ಗೂಬೆ. ನಮ್ಮಲ್ಲಿ ಗೂಬೆಯೆಂದರೆ ಬೈಗುಳ. ಇದನ್ನು ನೋಡಿದರೆ ಹಾಗೆ ಬೈಯಲು ಬಾಯಿ ಬರದು. ದುಂಡು ಕಣ್ಣು, ತಲೆಯ ಸುತ್ತ ಸೂರ್ಯನ ಕಿರಣಗಳಂತೆ ಚಿಮ್ಮಿದ ಗರಿಗಳು. ಬರೆದವರು ಯಾರೆಂದು ಹುಡುಕಿಕೊಂಡು ಹೋದೆ. ಕೆನೋಜುವಾಕ್ ಆಶೆವಾಕ್ ಎಂಬ ಹೆಣ್ಣುಮಗಳು. ನಮ್ಮ ಶಾಲೆಯ ಪುಸ್ತಕ ಎಸ್ಕಿಮೋ ಎನ್ನುತ್ತಿದ್ದ, ತಮ್ಮನ್ನು ಇನುಯಿಟ್ ಎಂದು ಕರೆದುಕೊಳ್ಳುವ ಜನಕ್ಕೆ ಸೇರಿದವಳು.

ಆಕೆ ಹುಟ್ಟಿದ್ದು ೧೯೨೭ರಲ್ಲಿ, ಬ್ಯಾಫಿನ್ ದ್ವೀಪದ ದಕ್ಷಿಣ ತೀರದ ಒಂದು ಬೀಡಿನಲ್ಲಿ. ಸೀಲ್ ಚರ್ಮ ಹೊಲಿಯುವುದನ್ನು ಅಜ್ಜಿಯಿಂದ ಕಲಿತಳು. ಆ ಜನರಲ್ಲಿ ಅಡ್ಡಹೆಸರಿರಲಿಲ್ಲ. ತೀರಿಕೊಂಡ ಹಿರಿಯರ ಹೆಸರನ್ನು ನಮ್ಮಂತೆಯೇ ಮಗುವಿಗಿಡುತ್ತಿದ್ದರು. ಸರಕಾರದವರಿಗೆ ಆ ಹೆಸರುಗಳು ನಾಲಿಗೆಗೂ ಹತ್ತಲಿಲ್ಲ, ಲೇಖನಿಗೂ ಹತ್ತಲಿಲ್ಲ. ೧೯೪೦ರ ದಶಕದಲ್ಲಿ ತಲೆಗೊಂದು ಬಿಲ್ಲೆ ಕೊಟ್ಟು ಅದರ ಮೇಲೆ ಸಂಖ್ಯೆ ಹೊಡೆದರು. ಕೆನೋಜುವಾಕಳ ಸಂಖ್ಯೆ ಇ ೭-೧೦೩೫. ಇ ಎಂದರೆ ಪೂರ್ವ, ಏಳು ಎಂದರೆ ಜಿಲ್ಲೆ. ಕಡತಕ್ಕೆ ಎಷ್ಟು ಅನುಕೂಲ! ಗುಮಾಸ್ತನಾದ ನನಗೆ ಅದು ಮೊದಲ ನೋಟಕ್ಕೇ ಅರ್ಥವಾಯಿತು. ನಾಚಿಕೆಯಾದದ್ದು ಆಮೇಲೆ.

೧೯೫೨ರಲ್ಲಿ ಕ್ಷಯವೆಂದು ಆಕೆಯನ್ನು ದೂರದ ಕ್ವಿಬೆಕ್ ನಗರದ ಆಸ್ಪತ್ರೆಗೆ ಒಯ್ದರು. ಅಲ್ಲಿ ಮೂರು ವರ್ಷ. ಆಕೆ ಅಲ್ಲಿರುವಾಗಲೇ ಊರಿನಲ್ಲಿ ಮಕ್ಕಳು ತೀರಿಕೊಂಡರು. ಇದನ್ನು ಓದಿ ಪುಸ್ತಕ ಮುಚ್ಚಿಟ್ಟೆ. ನನಗೂ ಇಬ್ಬರು ಚಿಕ್ಕವರಿದ್ದಾರೆ.

ಮರಳಿ ಬಂದ ಮೇಲೆ ಜೇಮ್ಸ್ ಹ್ಯೂಸ್ಟನ್ ಎಂಬವರು ಕಾಗದ, ಪೆನ್ಸಿಲು ಕೊಟ್ಟು ಚಿತ್ರ ಬರೆ ಎಂದರು. ಸೀಲ್ ಚರ್ಮದ ಚೀಲದ ಮೇಲೆ ಆಕೆ ಮಾಡಿದ್ದ, ಕಡಲ ಪಾಚಿ ತಿನ್ನುವ ಮೊಲದ ವಿನ್ಯಾಸವೇ ೧೯೫೯ರ ಹೊತ್ತಿಗೆ ಆಕೆಯ ಮೊದಲ ಅಚ್ಚಿನ ಚಿತ್ರವಾಯಿತು. ಆ ಗೂಬೆ ೧೯೬೦ರದು. ಆಕೆ ಬರೆದದ್ದನ್ನು ಕೇಪ್ ಡಾರ್ಸೆಟ್ಟಿನ ಸಹಕಾರ ಸಂಘದ ಕುಶಲಿಗಳು ಕಲ್ಲಿನ ಮೇಲೆ ಕೆತ್ತಿ, ಬಣ್ಣ ಹಚ್ಚಿ, ಕಾಗದವನ್ನು ಒತ್ತಿ ತೆಗೆದರು. ಒಟ್ಟು ಐವತ್ತು ಪ್ರತಿ. ಅರ್ಧ ಕೆಂಪು-ಕಪ್ಪು, ಅರ್ಧ ಹಸಿರು-ಕಪ್ಪು. ಆಕೆ ಕಲ್ಲಿನಲ್ಲಿ ಮೂರ್ತಿಗಳನ್ನೂ ಕಡೆದಳು. ಚಿತ್ರದ ಅರ್ಥ ಕೇಳಿದವರಿಗೆ ಕತೆ ಕಟ್ಟಿ ಹೇಳುತ್ತಿರಲಿಲ್ಲ. ಕಾಗದದ ಮೇಲೆ ಚೆಂದ ಕಾಣಬೇಕು, ಅಷ್ಟೇ.

ಆ ಕಾಲದಲ್ಲಿ ಅನೇಕ ಇನುಯಿಟ್ ಶಿಲ್ಪಿಗಳು ಮೂರ್ತಿಯ ಅಡಿಯಲ್ಲಿ ತಮ್ಮ ಬಿಲ್ಲೆಯ ಸಂಖ್ಯೆಯನ್ನೇ ಕೊರೆಯುತ್ತಿದ್ದರು. ಕೆನೋಜುವಾಕಳ ಅಚ್ಚಿನ ಚಿತ್ರಗಳ ಮೇಲಾದರೋ ಆಕೆಯ ಹೆಸರು ಅವರದೇ ಲಿಪಿಯಲ್ಲಿದೆ. ೧೯೬೮ರಿಂದ ಮೂರು ವರ್ಷ ಸರಕಾರ ಅವರಿಗೆಲ್ಲ ಅಡ್ಡಹೆಸರು ಬರೆಸಿತು, ಬಿಲ್ಲೆಗಳು ಹೋದವು. ಆಕೆ ತೀರಿಕೊಂಡದ್ದು ೨೦೧೩ರಲ್ಲಿ. ೨೦೧೭ರಲ್ಲಿ ಕೆನಡಾದ ಹತ್ತು ಡಾಲರಿನ ವಿಶೇಷ ನೋಟಿನ ಮೇಲೂ ಆಕೆಯ ಇನ್ನೊಂದು ಗೂಬೆ ಬಂತು.

ಮೊನ್ನೆ ಸೋಮವಾರ ಆ ಮುದುಕಿ ಮತ್ತೆ ಬಂದಿದ್ದರು. ಕಲಮು ಹಾಗೆಯೇ ಖಾಲಿ. ಕುರ್ಚಿ ಎಳೆದುಕೊಟ್ಟು, "ಅಮ್ಮ, ಊರಿನಲ್ಲಿ ನಿಮ್ಮನ್ನು ಏನೆಂದು ಕರೆಯುತ್ತಿದ್ದರು?" ಎಂದು ಕೇಳಿದೆ.

"ಕರೆಯುವವರು ಯಾರಪ್ಪ ಉಳಿದಿದ್ದಾರೆ?" ಎಂದು ನಕ್ಕು, ಮೆಲ್ಲಗೆ ಹೆಸರು ಹೇಳಿದರು.